‘ಮಾಗಲಿ’ ಅಂದವರು ಯಾರು?

ನಮ್ಮ ವಿಮರ್ಶೆಯಲ್ಲಿ ಬಹಳ ಸಾಧುವಾಗಿ ಕಾಣುವ, ಯಾರೂ ಅನುಮಾನಿಸದ ಒಂದು ಮಾತಿದೆ. ‘ಇನ್ನೂ ಮಾಗಬೇಕು’ ಅನ್ನೋದು ಆ ಮಾತು. ಹೊಸಬರು ಯಾರಾದರೂ ಕತೆಯೋ ಪದ್ಯವೋ ತಂದು ಕೈಗಿಟ್ಟರೆ ಹಿರಿಯರಾದವರು ಕನ್ನಡಕ ತೆಗೆದು, ಒಂದು ಗಳಿಗೆ ಸುಮ್ಮನಿದ್ದು, ಈ ಮಾತು ಹೇಳುತ್ತಾರೆ. ಹೇಳಿದವರಿಗೆ ಖರ್ಚಿಲ್ಲ, ಕೇಳಿದವರಿಗೆ ಎದುರಾಡಲು ಬಾಯಿಲ್ಲ. ಈ ಮಾತನ್ನು ನಾನೂ ಒಬ್ಬನಿಗೆ ಹೇಳಿದ್ದೇನೆ. ಅದರಿಂದ ಆದದ್ದೇನು ಅನ್ನುವುದನ್ನು ಮೊದಲು ಬರೆಯದೆ, ಸ್ಫೂರ್ತಿ, ಸ್ವಾತಂತ್ರ್ಯ ಮುಂತಾದ ದೊಡ್ಡ ಪದಗಳನ್ನು ಹಿಡಿದುಕೊಂಡು ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಮಾತಾಡುವ ಅರ್ಹತೆ ನನಗಿಲ್ಲ.

ತುಮಕೂರು ರಸ್ತೆಯಲ್ಲಿ ಪೀಣ್ಯ, ದಾಸರಹಳ್ಳಿ, ಮಾದಾವರ ದಾಟಿದರೆ ಸಿಗುವ ಊರು ಮಾದನಾಯಕನಹಳ್ಳಿ. (ಹೆಸರಿನಲ್ಲಿ ಮಾದನೂ ನಾಯಕನೂ ಒಟ್ಟಿಗೇ ಕೂತಿದ್ದಾರೆ, ಬೀದಿಯಲ್ಲಿ ಹಾಗಿಲ್ಲ.) ರಾಗಿ, ಅವರೆ ಬೆಳೆಯುತ್ತಿದ್ದ ಈ ಸೀಮೆಗೆ ಪೀಣ್ಯದ ಕೈಗಾರಿಕಾ ಪ್ರದೇಶ ಬೆಳೆಯತೊಡಗಿದ ಮೇಲೆ ಶೆಡ್ಡುಗಳು ಬಂದವು, ಆಮೇಲೆ ಗೋಡೌನು, ಆಮೇಲೆ ಲೇಔಟು. 2024ರ ನವೆಂಬರಿನಲ್ಲಿ ಮಾದಾವರದ ತನಕ ಮೆಟ್ರೊ ರೈಲೂ ಬಂತು. ಹೆದ್ದಾರಿ ಬಿಟ್ಟು ಒಳಕ್ಕೆ ನಡೆದರೆ ಶೀಟು ಹೊದಿಸಿದ ಸಾಲುಮನೆಗಳು. ಹತ್ತಡಿಗೆ ಹತ್ತಡಿ ಕೋಣೆ, ಆರೇಳು ಕೋಣೆಗೆ ಒಂದು ನಲ್ಲಿ. ಅಂಥ ಒಂದು ಕೋಣೆಯಲ್ಲಿದ್ದ ಹುಡುಗನ ಪರಿಚಯ ನನಗಾದದ್ದು ಅಂಬೇಡ್ಕರ್ ಜಯಂತಿಯ ಕಾರ್ಯಕ್ರಮಕ್ಕೆ ಇಬ್ಬರೂ ಸೇರಿ ಕುರ್ಚಿ ಹಾಕುವಾಗ. ನೆಲಮಂಗಲದ ಕಡೆಯವನು. ಐಟಿಐ ಮುಗಿಸಿ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಸಿಎನ್‌ಸಿ ಮೆಷಿನ್ ಓಡಿಸುತ್ತಿದ್ದ, ಕಂಟ್ರಾಕ್ಟಿನ ಮೇಲೆ.

ಒಂದು ದಿನ ನೈಟ್ ಶಿಫ್ಟ್ ಮುಗಿಸಿಕೊಂಡು ಸೀದಾ ನಮ್ಮ ಮನೆಗೆ ಬಂದ. ಕೈಯಲ್ಲಿ ಒಂದು ಕಟ್ಟು ಕಾಗದ. ‘ಅಣ್ಣ, ಏನೋ ಒಂದು ಬರ್ದಿವ್ನಿ, ಓದಿ ಯೋಳಿ’ ಅಂದ. ಅದು ಬಿಳಿ ಹಾಳೆಯಲ್ಲ. ಅಳತೆ ಬರೆಯುವ ಇನ್‌ಸ್ಪೆಕ್ಷನ್ ಶೀಟುಗಳ ಹಿಂಬದಿ. ಅಂಚಿನಲ್ಲಿ ಎಣ್ಣೆಯ ಬೆರಳು. ಹೇಗೆ ಬರೆದೆಯೋ ಅಂದರೆ ಲೆಕ್ಕ ಹೇಳಿದ: ಒಂದು ಜಾಬಿಗೆ ನಾಲ್ಕು ನಿಮಿಷ. ಬಾಗಿಲು ಮುಚ್ಚಿ ಗುಂಡಿ ಒತ್ತಿದರೆ ಮೆಷಿನ್ ತನ್ನ ಪಾಡಿಗೆ ತಾನು ಕೊರೆಯುತ್ತದೆ. ಅಷ್ಟರಲ್ಲಿ ಹಿಂದಿನ ಜಾಬನ್ನು ಒರೆಸಿ, ಮೈಕ್ರೊಮೀಟರಿನಲ್ಲಿ ಹಿಡಿದು, ಅಳತೆ ಬರೆದು, ಮುಂದಿನದನ್ನು ತಯಾರಿಟ್ಟುಕೊಳ್ಳಬೇಕು. ಇಷ್ಟಾಗಿ ಒಂದು ನಿಮಿಷ ಮಿಕ್ಕುತ್ತದೆ. ಸೂಪರ್‌ವೈಸರು ಇತ್ತ ಬರದಿದ್ದರೆ ಆ ನಿಮಿಷದಲ್ಲಿ ಒಂದು ವಾಕ್ಯ. ಹನ್ನೊಂದು ರಾತ್ರಿಯಲ್ಲಿ ಕತೆ ಮುಗಿದಿತ್ತು.

ಕತೆ ಅವನ ಅಪ್ಪನದು. ತಾತನಿಗೆ ಸರ್ಕಾರ ಮಂಜೂರು ಮಾಡಿದ್ದ ಎರಡು ಎಕರೆ ಯಾವ ಕಾಲಕ್ಕೋ ಯಾವುದೋ ಸಾಲಕ್ಕೆ ಹೋಗಿ, ಕೈಯಿಂದ ಕೈಗೆ ದಾಟಿ, ಕೊನೆಗೆ ಲೇಔಟ್ ಆಗಿದೆ. ಅದೇ ಲೇಔಟಿಗೆ ಅಪ್ಪ ವಾಚ್‌ಮನ್. (ಇಂಥ ಜಮೀನು ಪರಭಾರೆ ಆಗಬಾರದೆಂದು 1978ರಲ್ಲೇ ಕಾನೂನು ಬಂದದ್ದು, ಆ ಕಾನೂನಿನ ಕೇಸುಗಳು ಎ.ಸಿ. ಕೋರ್ಟುಗಳಲ್ಲಿ ವರ್ಷಗಟ್ಟಲೆ ನಡೆಯುವುದು ಓದುಗರಿಗೆ ಗೊತ್ತು.) ರಾತ್ರಿ ಟಾರ್ಚು ಹಿಡಿದು ಗಸ್ತು ತಿರುಗುವ ಅಪ್ಪ, ಊಟ ತಂದ ಮಗನಿಗೆ ಸೈಟುಗಳ ನಂಬರಿನ ಮೇಲೆ ಬೆಳಕು ಬಿಟ್ಟು ಹೊಲ ತೋರಿಸುತ್ತಾನೆ. ಇಲ್ಲಿ ಅವರೆ ಸಾಲು ಬರೋದು, ಇಲ್ಲಿ ನಿಮ್ಮಜ್ಜಿ ಗುಳುಕ್ಕನೆ ಕೂತು ಬುತ್ತಿ ಬಿಚ್ಚೋಳು, ಇಲ್ಲಿ ಒಂದು ಹುಣಿಸೆಮರ. ಅಷ್ಟೆ ಕತೆ. ಕೊನೆಗೆ ಮಗ ಸಿಟ್ಟಿನಲ್ಲಿ ಒಂದು ಗಡಿಕಲ್ಲು ಕಿತ್ತು ಎಸೆಯುತ್ತಾನೆ. ಅಪ್ಪ ಅದನ್ನು ಹುಡುಕಿ ತಂದು, ಬೆಳಗಾದರೆ ತನ್ನ ಕೆಲಸ ಹೋಗುತ್ತದೆಂದು, ಅದೇ ಗುಂಡಿಯಲ್ಲಿ ನೆಡುತ್ತಾನೆ.

ನಾನು ಏನು ಹೇಳಿದೆ? ‘ಚೆನ್ನಾಗಿದೆ ಕಣಪ್ಪ, ಆದ್ರೆ ಸಿಟ್ಟು ಹಸಿಯಾಗಿದೆ. ಮಗನ ಪಾತ್ರ ಇನ್ನೂ ಮಾಗಬೇಕು. ಒಂದಾರು ತಿಂಗಳು ಹಂಗೇ ಇಡು, ಆಮೇಲೆ ತಿರುಗಿ ನೋಡು.’ ಅವನು ‘ಆಯ್ತಣ್ಣ’ ಅಂದು ಕಟ್ಟನ್ನು ತೆಗೆದುಕೊಂಡು ಹೋದ.

ಆರು ತಿಂಗಳು ತುಂಬುವ ಮೊದಲೇ ಕಂಟ್ರಾಕ್ಟು ಮುಗಿಯಿತು. ಎರಡು ತಿಂಗಳ ಬಾಡಿಗೆ ನಿಂತಿತು. ಅವನು ಊರಿಗೆ ಹೋಗಿ ಬರುವಷ್ಟರಲ್ಲಿ ಮನೆಯವರು ಕೋಣೆ ಖಾಲಿ ಮಾಡಿಸಿ, ಪಾತ್ರೆಯನ್ನೂ ಹಾಸಿಗೆಯನ್ನೂ ಎತ್ತಿಟ್ಟು, ಕಾಗದಗಳನ್ನು ಗುಜರಿಗೆ ಹಾಕಿದ್ದರು. ಅವರದೇನೂ ತಪ್ಪಿಲ್ಲ, ಎಣ್ಣೆ ಹತ್ತಿದ ಇನ್‌ಸ್ಪೆಕ್ಷನ್ ಶೀಟು ಯಾರಿಗಾದರೂ ಕತೆಯಾಗಿ ಕಾಣುವುದುಂಟೆ? ‘ಹೋಗ್ಲಿ ಬುಡಣ್ಣ’ ಅಂದ ನನಗೆ. ಆಮೇಲೆ ಎರಡು ವರ್ಷ ಅವನು ಏನೂ ಬರೆಯಲಿಲ್ಲ.

‘ಮಾಗು’ ಬೇಸಾಯದ ಪದ. ಹಣ್ಣು ಮಾಗುತ್ತದೆ, ಪೈರು ಮಾಗುತ್ತದೆ. ಆದರೆ ಮಾಗುವ ತನಕ ಕಾಯಬೇಕಾದರೆ ಪಹಣಿ ನಮ್ಮ ಹೆಸರಿನಲ್ಲಿರಬೇಕು, ಕಾವಲಿಗೆ ಆಳಿರಬೇಕು, ಅಲ್ಲಿಯವರೆಗೆ ಉಣ್ಣಲು ಹಗೇವಿನಲ್ಲಿ ಹಳೇ ರಾಗಿ ಇರಬೇಕು. ಇವು ಮೂರೂ ಇಲ್ಲದವನಿಗೆ ಮಾಗಲಿ ಅನ್ನುವುದು ಸಲಹೆಯಂತೆ ಕೇಳಿಸಿದರೂ ಕೆಲಸ ಮಾಡುವುದು ನಿಷೇಧದಂತೆ. ಈ ಸರಳ ಸತ್ಯ ನನಗೆ ಹೊಳೆಯದೆ ಹೋದದ್ದು ಯಾಕೆ? ನಾನೂ ಕೇರಿಯಿಂದಲೇ ಬಂದವನು. ಆದರೆ ಓದಿದ ವಿಮರ್ಶೆ ಕೇರಿಯದಲ್ಲ.

ಸಂಸ್ಕೃತದ ಮೀಮಾಂಸಕರು ಕಾವ್ಯಕ್ಕೆ ಕಾರಣ ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ ಎಂದರು. ನಾವು ತರಗತಿಯಲ್ಲಿ ಬರೆದುಕೊಂಡೆವು, ಪರೀಕ್ಷೆಯಲ್ಲಿ ಬರೆದು ನಂಬರು ತೆಗೆದೆವು. ಆದರೆ ಹತ್ತನೆಯ ಶತಮಾನದ ರಾಜಶೇಖರ ‘ಕಾವ್ಯಮೀಮಾಂಸೆ’ಯಲ್ಲಿ ಕವಿಯ ದಿನಚರಿಯನ್ನೂ ಬರೆದಿಟ್ಟಿದ್ದಾನೆ. ಕವಿಗೆ ಶುಚಿಯಾದ ಮನೆ ಬೇಕು, ತೋಟ ಬೇಕು, ಪರಿಚಾರಕರು ಬೇಕು. ಹಗಲನ್ನು ನಾಲ್ಕು ಪಾಲು ಮಾಡಿ ಒಂದರಲ್ಲಿ ಓದು, ಒಂದರಲ್ಲಿ ರಚನೆ, ಒಂದರಲ್ಲಿ ಗೋಷ್ಠಿ, ಒಂದರಲ್ಲಿ ತಿದ್ದುಪಡಿ. ನಮ್ಮ ಮೇಷ್ಟ್ರುಗಳು ಈ ಭಾಗವನ್ನು ಪಾಠ ಮಾಡಿದ್ದು ನನಗೆ ನೆನಪಿಲ್ಲ. ಮಾಡಿದ್ದರೆ ಪ್ರತಿಭೆಯ ಹಿಂದೆ ಎಷ್ಟು ಜನ ಆಳುಗಳು ನೀರು ಹೊರುತ್ತಿದ್ದರು ಎಂದು ಹುಡುಗರು ಕೇಳುತ್ತಿದ್ದರು. ರಾಜಶೇಖರನ ಹಗಲಿಗೂ ಪೀಣ್ಯದ ಹುಡುಗನ ಆ ಒಂದು ನಿಮಿಷಕ್ಕೂ ನಡುವೆ ಇರುವುದು ಸಾವಿರ ವರ್ಷ ಮಾತ್ರವಲ್ಲ. ನವ್ಯದವರು ಬಂದು ರಾಜಾಸ್ಥಾನವನ್ನು ಒಡೆದರು, ನಿಜ. ಆದರೆ ಏಕಾಂತ, ಧ್ಯಾನ, ಅನುಭವವನ್ನು ದೂರದಿಂದ ನೋಡುವ ಸಂಯಮ ಎಂದೆಲ್ಲ ಅವರು ಬೆಲೆ ಕಟ್ಟಿದ್ದು ಆ ಕೋಣೆಗೇ. ಕೋಣೆ ಚಿಕ್ಕದಾಗಿರಬಹುದು; ಒಳಗಿನಿಂದ ಚಿಲಕ ಹಾಕಿಕೊಳ್ಳಲು ಬರುತ್ತಿತ್ತು.

ಇದನ್ನು ಇಟ್ಟುಕೊಂಡು ಸಿದ್ಧಲಿಂಗಯ್ಯನವರನ್ನು ಓದಿ. 1954ರಲ್ಲಿ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀರಾಂಪುರಕ್ಕೆ ಬಂದು, ಹಾಸ್ಟೆಲಿನಲ್ಲಿ ಬೆಳೆದವರು. ಅಪ್ಪನ ಹೆಗಲ ಮೇಲೆ ಎತ್ತಿನ ಜಾಗದಲ್ಲಿ ನೊಗ ಇದ್ದುದನ್ನು ಮಗುವಾಗಿ ಕಂಡದ್ದನ್ನು ‘ಊರುಕೇರಿ’ಯಲ್ಲಿ ಅವರು ಒಂದು ಹನಿ ಕಣ್ಣೀರಿಲ್ಲದೆ ಬರೆದಿದ್ದಾರೆ. ಓದಲು, ಯೋಚಿಸಲು ಜಾಗವಿಲ್ಲದೆ ಸ್ಮಶಾನಕ್ಕೆ ಹೋಗಿ ಕೂರುತ್ತಿದ್ದ ಹುಡುಗ ಅವರು. ರಾಜಶೇಖರನ ತೋಟದ ಎದುರು ಈ ಸ್ಮಶಾನವನ್ನಿಟ್ಟು ನೋಡಬೇಕು. 1973ರ ನವೆಂಬರಿನಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ಆ ಒಂದು ಮಾತಿಗೆ ಮಂತ್ರಿಗಿರಿ ಹೋಯಿತು, ದಲಿತ ಹುಡುಗರು ಏಟು ತಿಂದರು. ಈ ಬಿಸಿಯೊಳಗೆ ಹುಟ್ಟಿದ್ದು ದಲಿತ ಸಂಘಟನೆ, ಈ ಬಿಸಿಯೊಳಗೆ ಬೆಂದದ್ದು ‘ಹೊಲೆಮಾದಿಗರ ಹಾಡು’. ಸಂಕಲನ 1975ರಲ್ಲಿ ಬಂದಾಗ ಕವಿಗೆ ಇಪ್ಪತ್ತೊಂದು ವರ್ಷ.

ಆ ಹಾಡುಗಳನ್ನು ‘ಘೋಷಣೆ’ ಎಂದು ಕರೆದು ಪಕ್ಕಕ್ಕಿಟ್ಟವರು ಒಂದು ವಿಷಯವನ್ನು ಗಮನಿಸಲಿಲ್ಲ. ಅವುಗಳನ್ನು ಓದಿದವರಿಗಿಂತ ಹಾಡಿದವರು ಹೆಚ್ಚು. ಜಾಥಾದಲ್ಲಿ, ಧರಣಿಯಲ್ಲಿ, ರಾತ್ರಿ ಹಳ್ಳಿಗಳಿಗೆ ನಡೆದು ಹೋಗುವಾಗ ತಮಟೆಗೆ ಹೊಂದಿಸಿಕೊಂಡು ಅಕ್ಷರ ಬಾರದವರೂ ಹಾಡಿದರು. ಕವಿ ತನ್ನ ಸ್ಫೂರ್ತಿಯ ಮೇಲೆ ಏನು ಕ್ರಮ ಕೈಗೊಂಡ? ಬರೆದ. ಮಿಕ್ಕ ಕ್ರಮವನ್ನು ಜನ ಕೈಗೊಂಡರು. ಹಾಡುವ ಬಾಯಿಗೆ ಸಿಗದ ಪದ ಉದುರಿತು, ಸಿಕ್ಕಿದ್ದು ಉಳಿಯಿತು. ತಿದ್ದುಪಡಿ ಅನ್ನುವುದು ಕವಿಯ ಮೇಜಿನ ಮೇಲೆ ಮಾತ್ರ ಆಗುತ್ತದೆ ಅಂತ ಯಾರು ಹೇಳಿದ್ದು? ರಾಜಶೇಖರನ ನಾಲ್ಕನೆಯ ಪಾಲಿನ ಕೆಲಸ ಇಲ್ಲಿ ರಸ್ತೆಯ ಮೇಲೆ ನಡೆಯಿತು. ಮಾಗುವುದೇ ಆಗಿದ್ದರೆ ಆ ಹಾಡುಗಳು ಮಾಗಿದ್ದು ನೂರಾರು ಗಂಟಲುಗಳಲ್ಲಿ. ಬರೆದು ಆರು ತಿಂಗಳು ಪೆಟ್ಟಿಗೆಯಲ್ಲಿಟ್ಟಿದ್ದರೆ ಅದು ಆಗುತ್ತಿರಲಿಲ್ಲ.

ಮುಂದೆ ಸಿದ್ಧಲಿಂಗಯ್ಯನವರ ದನಿ ಇಳಿಯಿತು, ಹಾಸ್ಯ ಬಂತು, ವಿಧಾನ ಪರಿಷತ್ತೂ ಬಂತು. ಮೊದಲು ಸಿಟ್ಟು ಹೆಚ್ಚಾಯಿತು ಎಂದವರ ಜೊತೆಗೆ ಈಗ ಸಿಟ್ಟು ಹೋಯಿತು ಎನ್ನುವ ನಮ್ಮವರೂ ಸೇರಿಕೊಂಡರು. ಎರಡೂ ಕಡೆಯವರು ಕೇಳಿದ್ದು ಒಂದನ್ನೇ: ನಮ್ಮ ಅಳತೆಗೆ ಬರೆ. 2021ರ ಜೂನಿನಲ್ಲಿ ಕೋವಿಡ್‌ನಿಂದ ಅವರು ತೀರಿಕೊಂಡಾಗ ಬಂದ ಶ್ರದ್ಧಾಂಜಲಿಗಳಲ್ಲೂ ಹಳೇ ಹಾಡುಗಳೇ ಇದ್ದವು. ನನಗಂತೂ ‘ಊರುಕೇರಿ’ಯ ನಗು ಆ ಹಾಡುಗಳಿಗಿಂತ ಕಡಿಮೆ ಧೈರ್ಯದ್ದಲ್ಲ ಅನ್ನಿಸುತ್ತದೆ. ಇದರ ಬಗ್ಗೆ ಗೆಳೆಯರ ಜೊತೆ ಬಹಳ ಸಲ ಜಗಳವಾಗಿದೆ, ಇರಲಿ.

ಹಾಗಾದರೆ ಬಿಸಿ ಬಿಸಿಯಾಗಿ ಬರೆದದ್ದೆಲ್ಲ ಸರಿ, ನಿಧಾನಿಸಿದವರು ಮೇಲ್ಜಾತಿಯ ಅಭಿರುಚಿಗೆ ಸೋತವರು ಎನ್ನಬೇಕೆ? ಹಾಗನ್ನಲು ಹೊರಟರೆ ದೇವನೂರ ಮಹಾದೇವ ಅಡ್ಡ ನಿಲ್ಲುತ್ತಾರೆ. ‘ದ್ಯಾವನೂರು’, ‘ಒಡಲಾಳ’, ‘ಕುಸುಮಬಾಲೆ’ ಮೂರನ್ನೂ ಒಂದರ ಮೇಲೊಂದು ಇಟ್ಟರೂ ಒಂದು ಕೈಯಲ್ಲಿ ಹಿಡಿಯಬಹುದು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ನೌಕರಿ ಬಿಟ್ಟು ಬೇಸಾಯಕ್ಕೆ ಹೋದವರು ಅವರು. ಅಂದರೆ ತನ್ನ ಹೊತ್ತನ್ನು ತಾನೇ ವಾಪಸ್ಸು ಪಡೆದವರು. ಅವರ ನಿಧಾನ ಯಾರೋ ಹೇರಿದ್ದಲ್ಲ, ಯಾವ ಪ್ರಕಾಶಕನಿಗೂ ಯಾವ ಸಮ್ಮೇಳನಕ್ಕೂ ತಾರೀಖು ಕೊಡದ ನಿಧಾನ. 1990ರಲ್ಲಿ ‘ಕುಸುಮಬಾಲೆ’ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಮೇಲೆ ‘ಮುಂದಿನದು ಯಾವಾಗ’ ಅಂತ ಕೇಳಿದವರಿಗೆ ಅವರು ಕಾದಂಬರಿ ಕೊಡಲಿಲ್ಲ. ಇದೂ ಸ್ವತಂತ್ರ ಲೇಖಕನ ಲಕ್ಷಣವೇ. ತುಮಕೂರಿನಲ್ಲಿ ಪಾಠ ಹೇಳುತ್ತ, ಚಳವಳಿಯಲ್ಲಿ ದುಡಿಯುತ್ತ, 2019ರಲ್ಲಿ ತೀರಿಕೊಂಡ ಕೆ.ಬಿ. ಸಿದ್ದಯ್ಯನವರದೂ ಹಾಗೇ: ‘ಬಕಾಲ’, ‘ದಕ್ಲಕಥಾದೇವಿಕಾವ್ಯ’ದಂಥ ಕೆಲವೇ ಖಂಡಕಾವ್ಯಗಳು, ಬಹಳ ದಿನ ಕೆಲವರೇ ಓದಿದಂಥವು. ಈಚೆಗೆ ಕೆ.ಪಿ. ಲಕ್ಷ್ಮಣ ಆ ಕಾವ್ಯವನ್ನು ರಂಗದ ಮೇಲೆ ತಂದಾಗ, ಅರ್ಥವಾಗುವುದಿಲ್ಲ ಎಂದು ಪುಸ್ತಕ ಮುಚ್ಚಿಟ್ಟಿದ್ದ ನಾನು ಪೆಚ್ಚಾದೆ. ಪುಸ್ತಕ ಅಲ್ಲೇ ಇತ್ತು, ಓದುವ ಕಿವಿ ಮಾತ್ರ ತಡವಾಗಿ ಬಂತು.

ಆದ್ದರಿಂದ ಬೇಗ-ನಿಧಾನ ಅನ್ನುವುದು ಇಲ್ಲಿಯ ಪ್ರಶ್ನೆಯೇ ಅಲ್ಲ. ಹೊತ್ತು ಯಾರದು, ಕಾಗದ ಯಾರದು, ಮಾಗಿದೆ ಎಂದು ಕೊನೆಗೆ ಹೇಳುವವರು ಯಾರು ಅನ್ನುವುದು ಪ್ರಶ್ನೆ.

‘ಒಡಲಾಳ’ವನ್ನು ಹಸಿವಿನ ಕತೆ ಎಂದು ಪಾಠ ಹೇಳುತ್ತಾರೆ. ಸಾಕವ್ವನ ಕಳೆದ ಕೋಳಿ, ಕದ್ದು ತಂದ ಕಡ್ಲೆಕಾಯಿಯನ್ನು ಇಡೀ ಮನೆ ರಾತ್ರಿಯೆಲ್ಲ ಬೆಂಕಿ ಸುತ್ತ ಕೂತು ತಿನ್ನುವುದು, ಆಮೇಲೆ ಪೊಲೀಸರು ಮನೆ ಜಾಲಾಡುವುದು, ಇವುಗಳ ಬಗ್ಗೆ ಎಷ್ಟೋ ಪುಟ ಬರೆದಿದ್ದಾರೆ. ಆ ಮನೆಯಲ್ಲೇ ಪುಟ್ಟಗೌರಿ ಗೋಡೆಯ ಮೇಲೆ ನವಿಲು ಬರೆಯುತ್ತಾಳಲ್ಲ, ಅದನ್ನು ಮಾತ್ರ ‘ಬಡತನದ ನಡುವೆಯೂ ಸೌಂದರ್ಯ’ ಎಂದು ಒಂದು ಸಾಲಿನಲ್ಲಿ ಮುಗಿಸುವುದು ರೂಢಿ. ಈ ‘ನಡುವೆಯೂ’ ಅನ್ನೋ ಪದ ನನಗೆ ಒಪ್ಪಿಗೆಯಾಗದು. ಹಸಿವು ತೀರಲಿ, ಪೊಲೀಸರು ಹೋಗಲಿ, ಗೋಡೆ ಸುಣ್ಣ ಕಾಣಲಿ ಅಂತ ಆ ಹುಡುಗಿ ಕಾಯಲಿಲ್ಲ. ಅವಳಿಗೆ ನವಿಲು ಬಂತು, ಕೈಗೆ ಸಿಕ್ಕಿದ್ದರಲ್ಲಿ, ಇದ್ದ ಗೋಡೆಯಲ್ಲಿ ಬರೆದಳು. ಬರೆಯಲು ಅಪ್ಪಣೆ ಯಾರದು, ನೋಡುವವರು ಯಾರು, ಇದಕ್ಕೆ ಏನು ಸಿಗುತ್ತದೆ ಅನ್ನುವ ಲೆಕ್ಕ ಅವಳಲ್ಲಿಲ್ಲ. ದೇವನೂರರು ಆ ನವಿಲನ್ನು ಕಡ್ಲೆಕಾಯಿಯ ಕತೆಯ ಹೊರಗಿಡಲಿಲ್ಲ, ಅದರ ಮೇಲೂ ಇಡಲಿಲ್ಲ. ಅದೇ ಮನೆಯಲ್ಲಿ, ಅದೇ ಹೊಗೆಯಲ್ಲಿಟ್ಟರು. ಕಡ್ಲೆಕಾಯಿ ತಿನ್ನುವ ಸುಖವೂ ನವಿಲು ಬರೆಯುವ ಸುಖವೂ ಒಂದೇ ಒಡಲಿನವು ಅನ್ನುವುದು ಆ ಬರಹದ ಕಾಣ್ಕೆ. ನಮ್ಮ ವಿಮರ್ಶೆ ಕಡ್ಲೆಕಾಯಿಯನ್ನು ಸಮಾಜಶಾಸ್ತ್ರಕ್ಕೆ, ನವಿಲನ್ನು ಸೌಂದರ್ಯಶಾಸ್ತ್ರಕ್ಕೆ ಹಂಚಿಕೊಟ್ಟಿತು. ನಾನು ಆ ಹುಡುಗನಿಗೆ ಮಾಡಿದ್ದೂ ಅದನ್ನೇ. ಅಪ್ಪ ತೋರಿಸಿದ ಅವರೆ ಸಾಲು ಚೆಂದ, ಮಗನ ಸಿಟ್ಟು ಹಸಿ ಎಂದು ಒಂದೇ ಕತೆಯನ್ನು ಎರಡು ಮಾಡಿ ತೂಗಿದೆ. ಅವರೆ ಸಾಲು ಕಂಡದ್ದರಿಂದಲೇ ಕಲ್ಲು ಕಿತ್ತ ಅನ್ನುವುದು ಕಣ್ಣಿಗೆ ಬೀಳಲಿಲ್ಲ.

ಕೆಲಸವನ್ನು ನಿಲ್ಲಿಸಿ ಕಾವ್ಯ ಮಾಡಬೇಕು ಅನ್ನುವ ತಿಳಿವಳಿಕೆ ನಮ್ಮದಲ್ಲ ಅನ್ನುವುದಕ್ಕೆ ಹನ್ನೆರಡನೆಯ ಶತಮಾನದ ಸಾಕ್ಷಿ ಇದೆ. ಮಾದಾರ ಚೆನ್ನಯ್ಯ ತನ್ನ ವಚನಗಳ ಅಂಕಿತಕ್ಕೆ ತನ್ನ ಕಸುಬಿನ ಉಳಿ, ಕತ್ತಿ, ಅಡಿಗುಂಟಗಳನ್ನೇ ತಂದುಕೊಂಡ. ತೊಗಲಿನ ಕೆಲಸದವನು ತನ್ನ ಹತಾರಗಳನ್ನು ಕೆಳಗಿಟ್ಟು, ಕೈ ತೊಳೆದು ಬಂದು ದೇವರ ಹೆಸರು ಬರೆಯಲಿಲ್ಲ. ಸಹಿ ಹಾಕಬೇಕಾದ ಜಾಗದಲ್ಲಿ ಹತಾರವೂ ಇದೆ, ದೇವರೂ ಇದ್ದಾನೆ. ಆ ಕಾಲದ ಆಸ್ಥಾನಗಳಲ್ಲಿ ಕವಿಗಳಿಗೆ ಅಗ್ರಹಾರ ಸಿಗುತ್ತಿತ್ತು. ಇವನಿಗೆ ಆಶ್ರಯ ಕೊಟ್ಟದ್ದು ಅವನ ಉಳಿ. ಕನ್ನಡದ ಮೊದಲ ಸ್ವತಂತ್ರ ಲೇಖಕರು ಯಾರು ಅಂತ ಯಾರಾದರೂ ಕೇಳಿದರೆ ನಾನು ಈ ಬೀದಿಯನ್ನು ತೋರಿಸುತ್ತೇನೆ. ಇನ್‌ಸ್ಪೆಕ್ಷನ್ ಶೀಟಿನ ಹಿಂದೆ ಬರೆದವನು ಈ ಮನೆತನದವನು. ಅವನ ಅಂಕಿತ ಆ ಎಣ್ಣೆಯ ಬೆರಳು.

ಸ್ವಾತಂತ್ರ್ಯದ ಇನ್ನೊಂದು ಮುಖ ಅಚ್ಚಿನದು. ಇದಕ್ಕೆ ನಾವು ದೂರ ಹೋಗಬೇಕಾಗಿಲ್ಲ, ಬಾಬಾಸಾಹೇಬರ ‘ಜಾತಿ ವಿನಾಶ’ ಹೇಗೆ ಪುಸ್ತಕವಾಯಿತು ಎಂದು ನೋಡಿದರೆ ಸಾಕು. ಲಾಹೋರಿನ ಜಾತ್-ಪಾತ್-ತೋಡಕ್ ಮಂಡಲ 1936ರ ತಮ್ಮ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಕರೆಯಿತು. ಕರೆದವರು ಶತ್ರುಗಳಲ್ಲ, ಜಾತಿ ಮುರಿಯಬೇಕು ಎಂದ ಸವರ್ಣ ಸುಧಾರಕರು. ಭಾಷಣ ಓದಿ ಗಾಬರಿಯಾಗಿ ಕೆಲವು ಭಾಗ ತೆಗೆಯಿರಿ ಅಂದರು. ಒಂದು ಅಲ್ಪವಿರಾಮವನ್ನೂ ಬದಲಿಸುವುದಿಲ್ಲ ಎಂದು ಅಂಬೇಡ್ಕರ್ ಬರೆದರು. ಸಮ್ಮೇಳನ ರದ್ದಾಯಿತು. ಅವರು ಸುಮ್ಮನೆ ಕೂರಲಿಲ್ಲ, ಇನ್ನೊಂದು ವೇದಿಕೆ ಸಿಗಲಿ ಎಂದು ಕಾಯಲೂ ಇಲ್ಲ. ಆಡದ ಭಾಷಣವನ್ನು ಸ್ವಂತ ಖರ್ಚಿನಲ್ಲಿ 1500 ಪ್ರತಿ ಮಾಡಿ ಹೊರಗೆ ಬಿಟ್ಟರು. ಎರಡು ತಿಂಗಳಲ್ಲಿ ಮುಗಿದುಹೋಯಿತು. 1937ರ ಎರಡನೆಯ ಮುದ್ರಣದ ಮುನ್ನುಡಿಯಲ್ಲಿ ಗುಜರಾತಿ, ತಮಿಳಿಗೆ ಅನುವಾದವಾಗಿದೆ, ಮರಾಠಿ, ಹಿಂದಿ, ಪಂಜಾಬಿ, ಮಲಯಾಳಕ್ಕೆ ಆಗುತ್ತಿದೆ ಎಂದು ಅವರು ಬರೆದಿದ್ದಾರೆ. ಕನ್ನಡದ ಹೆಸರು ಆ ಪಟ್ಟಿಯಲ್ಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಒಂಥರಾ ಆಗುತ್ತದೆ.

ಇಲ್ಲಿ ಗಮನಿಸಬೇಕಾದ್ದು: ತಿದ್ದಲು ಹೇಳಿದವರು ಸ್ನೇಹಿತರು. ಶತ್ರು ‘ಬರೀಬೇಡ’ ಅನ್ನುತ್ತಾನೆ, ಅದಕ್ಕೆ ಉತ್ತರ ಸುಲಭ. ಸ್ನೇಹಿತ ‘ಸ್ವಲ್ಪ ತಿದ್ದು’, ‘ಸ್ವಲ್ಪ ಕಾಯಿ’ ಅನ್ನುತ್ತಾನೆ. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಬೇರೆ ಗೋಷ್ಠಿ ಯಾಕೆ, ಸಾಹಿತ್ಯದಲ್ಲಿ ಭೇದವಿಲ್ಲ ಎಂದದ್ದೂ ಸ್ನೇಹದ ದನಿಯಲ್ಲೇ. ಅದೇ ವರ್ಷ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. ಆವತ್ತು ‘ಮುಂದಿನ ಸಮ್ಮೇಳನ ನೋಡೋಣ’ ಎಂದು ಕಾದಿದ್ದರೆ ಈ ವಿಶೇಷಾಂಕ ಇರುತ್ತಿರಲಿಲ್ಲ. 2022ರಲ್ಲಿ ದೇವನೂರ ಮಹಾದೇವ ಆರೆಸ್ಸೆಸ್ ಕುರಿತ ತಮ್ಮ ಕಿರುಪುಸ್ತಕವನ್ನು ಒಬ್ಬ ಪ್ರಕಾಶಕರಿಗೆ ಕೊಡದೆ, ಯಾರು ಬೇಕಾದರೂ ಅಚ್ಚು ಹಾಕಿಕೊಳ್ಳಿ ಎಂದುಬಿಟ್ಟರು. ಹಲವು ಪ್ರಕಾಶನಗಳು ಏಕಕಾಲಕ್ಕೆ ತಂದವು, ಗುಂಪುಗುಂಪಾಗಿ ಜನ ದುಡ್ಡು ಹಾಕಿ ಅಚ್ಚು ಮಾಡಿಸಿದರು. ಕಾದಂಬರಿಗೆ ವರ್ಷಗಟ್ಟಲೆ ತೆಗೆದುಕೊಂಡ ಲೇಖಕ, ಬರೆದದ್ದು ಈಗಲೇ ಮುಟ್ಟಬೇಕು ಅನ್ನಿಸಿದಾಗ ಹಕ್ಕನ್ನೂ ಬಿಟ್ಟು ಹಗುರಾದರು. ಯಾವುದಕ್ಕೆ ಎಷ್ಟು ಹೊತ್ತು ಅನ್ನುವ ತೀರ್ಮಾನ ಎರಡು ಸಲವೂ ಅವರದೇ.

ಹೊರಗಿನವರನ್ನು ಬೈದು ಒಳಗಿನದನ್ನು ಮುಚ್ಚಿಟ್ಟರೆ ಅದು ವಿಮರ್ಶೆಯಲ್ಲ. ಸಂಘಟನೆಯೂ ಲೇಖಕನ ಹೊತ್ತನ್ನು ಕೇಳುತ್ತದೆ. ‘ನಾಳೆ ಧರಣಿ ಐತೆ, ರಾತ್ರಿಗೆ ಒಂದು ಕರಪತ್ರ ಬರ್ಕೊಡಿ’ ಅಂದಾಗ ನಾನು ಎಷ್ಟೋ ಸಲ ಬರೆದುಕೊಟ್ಟಿದ್ದೇನೆ, ಖುಷಿಯಿಂದಲೇ. ಒಂದು ಸಲ, ನಮ್ಮ ಕೇರಿಯ ಗಂಡಸರ ಕುಡಿತದ ಬಗ್ಗೆ, ಹೆಂಡತಿಯರಿಗೆ ಬೀಳುವ ಏಟಿನ ಬಗ್ಗೆ ಎರಡು ಸಾಲು ಹಾಕಿದ್ದೆ. ಬೆಳಿಗ್ಗೆ ಅಚ್ಚಾಗಿ ಬಂದಾಗ ಆ ಎರಡು ಸಾಲಿರಲಿಲ್ಲ. ಕೇಳಿದರೆ ‘ಈಗ ಬ್ಯಾಡ ಬುಡಿ, ಒಗ್ಗಟ್ಟು ಮುಖ್ಯ’ ಅಂದರು. ಒಗ್ಗಟ್ಟು ಮುಖ್ಯವೇ. ಆದರೆ ಒಂದು ಅಲ್ಪವಿರಾಮವನ್ನೂ ಬಿಡದವರ ಫೋಟೊ ಗೋಡೆಯ ಮೇಲಿರುವಾಗ ಎರಡು ಸಾಲು ಹೋದದ್ದು ಚಿಕ್ಕ ಮಾತಲ್ಲ. ಡಿ.ಆರ್. ನಾಗರಾಜರು 1993ರ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ, ದಲಿತ ಚಳವಳಿ ತನ್ನ ಹಿಂದಿನದ್ದನ್ನೆಲ್ಲ ಅವಮಾನ ಎಂದಷ್ಟೇ ನೋಡಿ, ಕೇರಿಯ ದೇವರು, ಕಲೆ, ನೆನಪುಗಳ ಸಂಪತ್ತಿಗೂ ಬೆನ್ನು ತಿರುಗಿಸಿತು ಎಂಬರ್ಥದ ಮಾತು ಎತ್ತಿದ್ದರು. ಅವರ ಜೊತೆ ಪೂರ್ತಿ ಒಪ್ಪಿಗೆ ನನಗಿಲ್ಲ. ಅವಮಾನವನ್ನು ತಿಂದವರು ಅದನ್ನು ಸಂಪತ್ತು ಎಂದು ಕರೆಯಲು ಹೊತ್ತು ಹಿಡಿಯುತ್ತದೆ. ಆದರೂ ಲೇಖಕನಿಗೆ ಬರುವುದು ಅಪ್ಪಣೆಯಂತೆ ಬರುವುದಿಲ್ಲ, ಅಜ್ಜಿ ಬುತ್ತಿ ಬಿಚ್ಚಿದ ಜಾಗದಿಂದ ಬರುತ್ತದೆ ಅನ್ನುವಷ್ಟು ನಾಗರಾಜರಿಂದ ಕಲಿಯಬಹುದು.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಗಂಡಸಾದ ನನ್ನ ಈ ಲೆಕ್ಕವೆಲ್ಲ ತಪ್ಪಾಗುತ್ತದೆ. ಪೀಣ್ಯದ ಗಾರ್ಮೆಂಟ್ಸಿನಲ್ಲಿ ಮೆಷಿನ್ ತಾನಾಗಿ ಓಡುವುದಿಲ್ಲ, ಕಾಲು ತೆಗೆದರೆ ನಿಲ್ಲುತ್ತದೆ. ಆ ಒಂದು ನಿಮಿಷವೂ ಅವರಿಗಿಲ್ಲ. ಮನೆಗೆ ಬಂದರೆ ನಲ್ಲಿಯ ಸಾಲು, ಒಲೆ, ಮಗು. ದು. ಸರಸ್ವತಿಯವರು ‘ಸಣ್ತಿಮ್ಮಿ ರಾಮಾಯಣ’ವನ್ನು ಬರೆದು, ತಾವೇ ನಿಂತು ಆಡುವುದನ್ನು ನೋಡಿದವರಿಗೆ ಗೊತ್ತು: ಅಲ್ಲಿ ಲೇಖಕಿಗೂ ಕೇಳುವವರಿಗೂ ನಡುವೆ ಸಂಪಾದಕ ಇಲ್ಲ, ಪ್ರಕಾಶಕ ಇಲ್ಲ, ಕಾಗದವೂ ಇಲ್ಲ. ಒಬ್ಬಳು ಹೆಂಗಸು ಹಟ್ಟಿಯ ಮಾತಿನಲ್ಲಿ ಸೀತೆಯ ಕತೆಯನ್ನು ತನ್ನದು ಮಾಡಿಕೊಂಡು ಹೇಳುತ್ತಾಳೆ. ಗೋಡೆ ಇಲ್ಲದಿದ್ದರೆ ನವಿಲನ್ನು ಮೈಮೇಲೆ ಬರೆದುಕೊಂಡು ಹೋಗುವ ದಾರಿ ಅದು. ಇದರ ಬಗ್ಗೆ ಹೆಣ್ಣುಮಕ್ಕಳೇ ಬರೆದರೆ ಸರಿಯಾಗಿ ಬರೆಯುತ್ತಾರೆ, ನಾನು ಇಲ್ಲಿಗೆ ನಿಲ್ಲಿಸುತ್ತೇನೆ.

ಈಗ ‘ಸ್ವತಂತ್ರ ಲೇಖಕ’ ಅನ್ನುವ ಪದಕ್ಕೆ ಮಾರುಕಟ್ಟೆ ಬೇರೆ ಅರ್ಥ ಕೊಟ್ಟಿದೆ. ದುಡ್ಡು ಕೊಟ್ಟರೆ 300 ಪ್ರತಿ ಹಾಕಿಕೊಡುವವರು ಇದ್ದಾರೆ. ಮುಖಪುಟ ಅವರದೇ, ಮುನ್ನುಡಿಗೆ ಹೆಸರೂ ಅವರೇ ಹೊಂದಿಸುತ್ತಾರೆ. ಹುಡುಗರು ಒಂದು ತಿಂಗಳ ಓಟಿ ದುಡ್ಡು ಸುರಿದು ಪುಸ್ತಕ ತಂದು, ಬಿಡುಗಡೆಗೆ ಶಾಲು-ಹಾರದ ಖರ್ಚೂ ಮಾಡಿ, ಉಳಿದ ಕಟ್ಟುಗಳನ್ನು ಮಂಚದ ಕೆಳಗೆ ತಳ್ಳಿರುವುದನ್ನು ನಾನು ಈ ಸಾಲುಮನೆಗಳಲ್ಲೇ ಕಂಡಿದ್ದೇನೆ. ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಸಹಾಯಧನ ಕೊಡುತ್ತದೆ, ಅರ್ಜಿ ಹಾಕಿ ಅಂದರೆ ‘ಅದ್ಯಾರಿಗೆ ಗೊತ್ತಿತ್ತಣ್ಣ’ ಅನ್ನುತ್ತಾರೆ. ಫೋನಿನಲ್ಲಿ ಬರೆದು ಆ ಗಳಿಗೆಯಲ್ಲೇ ಹತ್ತು ಜನಕ್ಕೆ ಕಳಿಸುವ ಸೌಕರ್ಯವೂ ಇದೆ. ಮೆಚ್ಚುಗೆಯ ಹೆಬ್ಬೆಟ್ಟು ಬರುತ್ತದೆ, ಸಾಯಂಕಾಲದ ಹೊತ್ತಿಗೆ ಬರೆದವನೇ ಮರೆತಿರುತ್ತಾನೆ. (ಹೆಬ್ಬೆಟ್ಟು ಒತ್ತುವುದು ನಮ್ಮ ತಾತಂದಿರಿಗೆ ಹೊಸದಲ್ಲ. ಎರಡೆಕರೆ ಹೋದದ್ದು ಅದರಿಂದಲೇ.) ಬಂದದ್ದನ್ನು ಬಂದ ಹಾಗೆ ಹೊರಗೆ ಹಾಕುವುದಕ್ಕೂ, ಬಂದದ್ದರ ಕೈಹಿಡಿದು ಅದು ಕರೆದಲ್ಲಿಗೆ ಹೋಗುವುದಕ್ಕೂ ವ್ಯತ್ಯಾಸವಿದೆ. ಪುಟ್ಟಗೌರಿಯ ನವಿಲಿಗೂ ಹೊತ್ತು ಹಿಡಿದಿರುತ್ತದೆ; ಗರಿ ಗರಿಯಾಗಿ ಬರೆಯಬೇಕಲ್ಲ. ಆ ಹೊತ್ತನ್ನು ಕೊಡಿಸುವುದು, ಕಾಗದ ಹಾಳಾಗದ ಹಾಗೆ ನೋಡಿಕೊಳ್ಳುವುದು, ಕರಡನ್ನು ಎರಡು ಪ್ರತಿ ಮಾಡಿಡುವುದು, ಇಂಥ ಪುಡಿ ಕೆಲಸಗಳೂ ವಿಮರ್ಶಕನ ಕೆಲಸವೇ ಅನ್ನುವುದು ನನಗೆ ತಡವಾಗಿ ತಿಳಿಯಿತು. ‘ಮಾಗಲಿ’ ಎನ್ನುವುದಕ್ಕೆ ಮೊದಲು ಅವತ್ತು ನಾನು ಎದ್ದು ಪಕ್ಕದ ಅಂಗಡಿಯಲ್ಲಿ ಒಂದು ಜೆರಾಕ್ಸ್ ಮಾಡಿಸಿದ್ದಿದ್ದರೆ ಈ ಲೇಖನ ಬೇಕಾಗುತ್ತಿರಲಿಲ್ಲ.

ಹೋದ ಯುಗಾದಿಯ ಹೊತ್ತಿಗೆ ಅವನು ಮತ್ತೆ ಸಿಕ್ಕಿದ. ಈಗ ದಾಸನಪುರದ ಕಡೆ ಒಂದು ಗೋಡೌನಿನಲ್ಲಿ ಕೆಲಸ. ನಾನು ಕತೆಯ ಮಾತೆತ್ತಿದೆ. ತಪ್ಪು ನನ್ನದು ಅಂದೆ. ಅವನಿಗೆ ಮುಜುಗರವಾಯಿತು, ಟೀ ಹೇಳಿದ. ನನಗೆ ನೆನಪಿದ್ದಷ್ಟನ್ನು ನಾನು ಹೇಳತೊಡಗಿದೆ: ಟಾರ್ಚು, ಸೈಟು ನಂಬರು, ಅವರೆ ಸಾಲು, ಹುಣಿಸೆಮರ. ಸ್ವಲ್ಪ ಹೊತ್ತು ಸುಮ್ಮನೆ ಕೇಳಿಸಿಕೊಂಡು, ‘ಅಂಗಲ್ಲ ಅಣ್ಣ, ಹುಣಿಸೆಮರ ಅಲ್ಲ ಅದು, ಹೊಂಗೆಮರ. ಅಜ್ಜಿ ಕೂತ್ಕತಿದ್ದುದು ಅದರ ಕೆಳಗೇ’ ಅಂದ. ನಾನು ಜೇಬಿನಲ್ಲಿದ್ದ ಕಾಗದ ತೆಗೆದು ಬರೆದುಕೊಂಡೆ. ಆಮೇಲೆ ಅವನೇ ಹೇಳುತ್ತ ಹೋದ, ನಾನು ಬರೆದುಕೊಳ್ಳುತ್ತ ಹೋದೆ. ಮಗ ಕಲ್ಲು ಕೀಳುವ ಜಾಗ ಬಂದಾಗ ನನ್ನ ಮುಖ ನೋಡಿದ. ನಾನು ತಲೆ ಎತ್ತಲಿಲ್ಲ. ಅವನು ಹೇಳಿದ ಹಾಗೇ ಬರೆದೆ.

ನಾಲ್ಕು ಪುಟ ಆಗಿದೆ, ಎರಡು ಪ್ರತಿ ಮಾಡಿಸಿ ಒಂದು ಅವನಿಗೆ ಕೊಟ್ಟಿದ್ದೇನೆ. ಮಿಕ್ಕದ್ದಕ್ಕೆ ಬರುವ ಭಾನುವಾರ, ಲೋಡು ಬರದಿದ್ದರೆ, ಬರುತ್ತೇನೆ ಅಂದಿದ್ದಾನೆ.